ಪಾದೂರಿನ ಪಾದೆಯಲ್ಲಿ ಎಣ್ಣೆ ನಿಲ್ಲುತ್ತದೆ, ಇಂಗಾಲ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಮ್ಮ ಮನೆ ಕಾಪು ಹತ್ತಿರ. ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದು ಕಚ್ಚಾ ತೈಲ ಇಟ್ಟಿದ್ದಾರೆ, ಒಳಗೆ ಉಕ್ಕಿನ ತಗಡು ಕೂಡ ಇಲ್ಲವಂತೆ. ಎಣ್ಣೆ ನಮ್ಮ ಬಾವಿಗೆ ಬರುವುದಿಲ್ವಾ? ಕಲ್ಲಿದ್ದಲು ಸ್ಥಾವರದ ಕಾರ್ಬನ್ ಡೈಆಕ್ಸೈಡನ್ನೂ ಹೀಗೇ ತುಂಬಿಸಿಡಬಹುದಲ್ವಾ?

ಉತ್ತರ: ತಗಡು ಇಲ್ಲ, ನಿಜ. ಅಲ್ಲಿ ಎಣ್ಣೆಯನ್ನು ಹಿಡಿದಿಟ್ಟಿರುವುದು ನೀರು.

ನಮ್ಮಲ್ಲಿ ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು, ಇನ್ನೂ ಕೆಳಗೆ ಗ್ರಾನೈಟ್ ಜಾತಿಯ, ನೈಸ್ ಎಂಬ ಹೆಸರಿನ ಪಾದೆ, ಅಂದರೆ ಬಂಡೆ. ಪಾದೆ ಎಷ್ಟೇ ಗಟ್ಟಿ ಇದ್ದರೂ ಸಣ್ಣ ಬಿರುಕುಗಳಿರುತ್ತವೆ, ಅವುಗಳಲ್ಲಿ ನೀರಿರುತ್ತದೆ. 10 ಮೀಟರ್ ನೀರು ನಿಂತರೆ ಸುಮಾರು 1 ಬಾರ್ ಒತ್ತಡ. ಗುಹೆಯನ್ನು ಸಾಕಷ್ಟು ಆಳದಲ್ಲಿ ಕೊರೆದರೆ ಬಿರುಕಿನ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಜಾಸ್ತಿಯಾಗುತ್ತದೆ, ಹಾಗಾಗಿ ನೀರು ಒಳಗೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಬರುವುದಿಲ್ಲ. ಜಿನುಗಿದ ನೀರು ತಳ ಸೇರುತ್ತದೆ, ಪಂಪು ಮಾಡಿ ತೆಗೆಯುತ್ತಾರೆ. ಬೇಸಿಗೆಯಲ್ಲೂ ಒತ್ತಡ ಇಳಿಯಬಾರದಲ್ಲ, ಅದಕ್ಕೆ ಗುಹೆಯ ಮೇಲೆ ಸಣ್ಣ ಸುರಂಗ ಮಾಡಿ, ಅದರಿಂದ ಸಾಲಾಗಿ ತೂತು ಕೊರೆದು ನೀರು ತುಂಬಿಸಿಡುತ್ತಾರೆ. ಇದೇ ನೀರಿನ ಪರದೆ.

ಹಾಗಾಗಿ ಜಾಗ ನೋಡುವಾಗ ಕಲ್ಲಿನ ಗಟ್ಟಿತನ ಅರ್ಧ ಮಾತ್ರ. ಕೊರೆದ ತೂತಿಗೆ ಒತ್ತಡದಲ್ಲಿ ನೀರು ಬಿಟ್ಟು, ಯಾವ ಆಳದ ಬಿರುಕು ಎಷ್ಟು ನೀರು ಕುಡಿಯುತ್ತದೆ ಅಂತ ಅಳೆಯಬೇಕು. ಸುತ್ತಲಿನ ನೀರಿನ ಮಟ್ಟವನ್ನು ಮಳೆಗಾಲದಲ್ಲಷ್ಟೇ ನೋಡಿದರೆ ಸಾಲದು, ಮೇ ತಿಂಗಳ ಅಳತೆ ಬೇಕೇ ಬೇಕು. ನೀವೂ ನಿಮ್ಮ ಬಾವಿಯ ಮಟ್ಟವನ್ನು ತಿಂಗಳಿಗೊಮ್ಮೆ ಬರೆದಿಡಿ. ಎಣ್ಣೆ ಬರುವುದಕ್ಕಿಂತ ನೀರು ಇಳಿಯುತ್ತಿದೆಯಾ ಎಂಬುದೇ ಮೊದಲು ಗಮನಿಸಬೇಕಾದ ವಿಷಯ.

ಇನ್ನು ಇಂಗಾಲ, ಅಂದರೆ ನೀವು ಕೇಳಿದ ಕಾರ್ಬನ್ ಡೈಆಕ್ಸೈಡ್. ಪಾದೂರಿನ ಸಾಮರ್ಥ್ಯ 25 ಲಕ್ಷ ಟನ್ ತೈಲ. 1000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ವರ್ಷಕ್ಕೆ ಸುಮಾರು 60 ಲಕ್ಷ ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ತೂಕಕ್ಕೆ ತೂಕ ಇಟ್ಟರೂ ಐದು ತಿಂಗಳಿಗೆ ಗುಹೆ ಭರ್ತಿ! ಅದಕ್ಕೆ ಬೇಕಾದ್ದು ಗುಹೆ ಅಲ್ಲ, 800 ಮೀಟರಿಗಿಂತ ಆಳದಲ್ಲಿ ಸ್ಪಂಜಿನ ಹಾಗೆ ರಂಧ್ರಗಳಿರುವ ಮರಳುಗಲ್ಲು, ಮೇಲೆ ಮುಚ್ಚಳದಂಥ ಜೇಡಿಪದರ. ನಾರ್ವೆಯ ಅನಿಲ ನಿಕ್ಷೇಪ ಸ್ಲೈಪ್ನರ್‌ನಲ್ಲಿ 1996ರಿಂದ ಸಮುದ್ರದಡಿ ಹೀಗೇ ಇಳಿಸಿದ್ದಾರೆ. ನಮ್ಮ ನೈಸ್‌ನಲ್ಲಿ ಅಂಥ ರಂಧ್ರಗಳೇ ಇಲ್ಲ.

ಕರ್ನಾಟಕದಲ್ಲಿ ನೋಡಬಹುದಾದ್ದು ವಿಜಯಪುರ, ಕಲಬುರಗಿ ಕಡೆಯ ಬಸಾಲ್ಟ್, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲು. ಐಸ್‌ಲ್ಯಾಂಡಿನಲ್ಲಿ ನೀರಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದ ಅನಿಲ ಎರಡೇ ವರ್ಷದಲ್ಲಿ ಬಹುಪಾಲು ಕಲ್ಲಾಗಿದೆ. ಆದರೆ ಆ ವಿಧಾನದಲ್ಲಿ 1 ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ವಿಜಯಪುರದಲ್ಲಿ ಅಷ್ಟು ನೀರು ಎಲ್ಲಿಂದ ತರುವುದು ಅಂತ ಮೊದಲು ಲೆಕ್ಕ ಹಾಕಬೇಕು.