ಓದಿದ ಕಾಯಿಲೆ ಎಲ್ಲಾ ನಂಗೇ ಇದೆ ಅನ್ಸುತ್ತೆ ಮೇಡಂ!

ಪ್ರಶ್ನೆ: ನಮಸ್ತೆ ಮೇಡಂ, ನಾನು ಬಿಎ ಎರಡನೇ ವರ್ಷ, ಸೈಕಾಲಜಿ ತಗೊಂಡಿದೀನಿ. ಮಾನಸಿಕ ಕಾಯಿಲೆಗಳ ಪಾಠ ಶುರುವಾದಾಗಿಂದ ತಲೆ ಕೆಟ್ಟೋಗಿದೆ. ಓಸಿಡಿ (ಬೇಡದ ಯೋಚನೆ ಪದೇಪದೇ ಬಂದು ಮಾಡಿದ್ದನ್ನೇ ಮಾಡಿಸೋ ಕಾಯಿಲೆ) ಪಾಠ ಮಾಡಿದ ವಾರ ಗ್ಯಾಸ್ ಆಫ್ ಆಗಿದ್ಯಾ ಅಂತ ಎರಡೆರಡು ಸಲ ಎದ್ದು ನೋಡ್ತಿದ್ದೆ, ಈಗ ಎಡಿಎಚ್‌ಡಿ (ಗಮನ ನಿಲ್ಲದಿರೋದು, ಚಡಪಡಿಕೆ, ದುಡುಕು) ನಡೀತಿದೆ, ಲಿಸ್ಟಲ್ಲಿರೋದೆಲ್ಲಾ ನನ್ನ ಬಗ್ಗೆನೇ ಬರೆದಂಗಿದೆ. ಇನ್ನೊಂದು ಡೌಟು. ಆಟಿಸಂ (ಜನರ ಜೊತೆ ಬೆರೆಯೋದು, ಮಾತಾಡೋದು ಬೇರೆ ಥರ ಇರೋದು), ಎಡಿಎಚ್‌ಡಿ ಎಲ್ಲಾ ಕಾಯಿಲೆ ಅಲ್ಲ, ನ್ಯೂರೋಡೈವರ್ಸಿಟಿ, ಅಂದ್ರೆ ಮಿದುಳಿನ ವೈವಿಧ್ಯ ಅಷ್ಟೇ ಅಂತಾಳೆ ನನ್ನ ಫ್ರೆಂಡು. ಟೆಕ್ಸ್ಟ್‌ಬುಕ್ಕಲ್ಲಿ ನೋಡಿದ್ರೆ ಡಿಸಾರ್ಡರ್ ಚಾಪ್ಟರಲ್ಲೇ ಇದೆ. ಎಕ್ಸಾಮಲ್ಲಿ ಏನ್ ಬರೀಲಿ?

ಉತ್ತರ: ನನ್ನ ಮಗಳ ವಯಸ್ಸಿನವಳು, ಏಕವಚನದಲ್ಲೇ ಬರೀತೀನಿ, ಬೇಜಾರಾಗ್ಬೇಡಮ್ಮ. ನಿಂಗೆ ಬಂದಿರೋದಕ್ಕೆ ಮೆಡಿಕಲ್ ಸ್ಟೂಡೆಂಟ್ ಡಿಸೀಸ್ ಅಂತ ಹಳೇ ಹೆಸರೇ ಇದೆ. ನಾನು ಎಂಎ ಓದ್ತಿದ್ದಾಗ ಪ್ಯಾನಿಕ್ ಡಿಸಾರ್ಡರ್ ಪಾಠ ಮುಗಿಸಿ ಸಿಟಿ ಬಸ್ಸಲ್ಲಿ ನಿಂತ್ಕೊಂಡು ನನ್ನ ನಾಡಿ ನಾನೇ ಹಿಡ್ಕೊಂಡು ಎಣಿಸಿದೀನಿ.

ಎಲ್ರೂ ಲಕ್ಷಣಗಳ ಲಿಸ್ಟ್ ಓದಿ ಬಿಟ್ಬಿಡ್ತಾರೆ, ಅದರ ಕೆಳಗಿರೋ ನಾಲ್ಕು ಸಾಲು ಯಾರೂ ಓದಲ್ಲ, ಅಸಲಿ ವಿಷಯ ಇರೋದೇ ಅಲ್ಲಿ. ಎಡಿಎಚ್‌ಡಿನೇ ತಗೋ. ಅಮೆರಿಕದ ಮನೋವೈದ್ಯರ ಸಂಘದ ಡಿಸಾರ್ಡರ್ ಪಟ್ಟಿಯ ಪುಸ್ತಕ ಡಿಎಸ್‌ಎಂ-5ರಲ್ಲಿ ಗಮನಕ್ಕೆ ಸಂಬಂಧಪಟ್ಟಿದ್ದು 9, ಚಡಪಡಿಕೆ-ದುಡುಕಿಗೆ 9 ಲಕ್ಷಣ, 17 ತುಂಬಿದವರಿಗೆ ಎರಡರಲ್ಲಿ ಒಂದು ಗುಂಪಿಂದ 5 ಇದ್ರೂ ಸಾಕು. ರೀಲ್ಸ್‌ನೋರು ಇಲ್ಲಿಗೆ ನಿಲ್ಲಿಸ್ತಾರೆ. ಆದ್ರೆ ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷ ತುಂಬೋ ಮುಂಚೆನೇ ಕೆಲವು ಲಕ್ಷಣ ಕಾಣಿಸಿರಬೇಕು, ಮನೆ-ಕಾಲೇಜು-ಕೆಲಸ ಅಂತ ಎರಡು ಕಡೆಯಾದ್ರೂ ಕಾಣಬೇಕು, ಅದರಿಂದ ಜೀವನಕ್ಕೆ ಪೆಟ್ಟು ಬಿದ್ದಿರಬೇಕು, ಬೇರೆ ತೊಂದರೆಯಿಂದ ಬಂದಿದ್ದಲ್ಲ ಅಂತಾನೂ ಖಾತ್ರಿಯಾಗ್ಬೇಕು. ಬರೀ ಸ್ಟಾಟಿಸ್ಟಿಕ್ಸ್ ಕ್ಲಾಸಲ್ಲಿ ಗಮನ ಹೋಗುತ್ತೆ ಅಂದ್ರೆ ಅದು ಎಡಿಎಚ್‌ಡಿ ಅಲ್ಲಮ್ಮ, ಸ್ಟಾಟಿಸ್ಟಿಕ್ಸ್ ತಪ್ಪು. ಹಾಗಂತ ನಿಂಗೆ ಇಲ್ವೇ ಇಲ್ಲ ಅಂತ ಇಲ್ಲಿಂದ್ಲೇ ಹೇಳೋಕೆ ನಾನು ಯಾರು? ಕ್ಲಾಸಲ್ಲಿ ಗಲಾಟೆ ಮಾಡೋ ಹುಡುಗ ಟೀಚರ್ ಕಣ್ಣಿಗೆ ಬೀಳ್ತಾನೆ, ಲಾಸ್ಟ್ ಬೆಂಚಲ್ಲಿ ಸುಮ್ನೆ ಕಿಟಕಿ ನೋಡ್ಕೊಂಡು ಕೂತಿರೋ ಹುಡುಗಿ ಬೀಳಲ್ಲ, ಹಂಗೆ ಎಷ್ಟೋ ಹೆಣ್ಮಕ್ಕಳದ್ದು ದೊಡ್ಡವರಾದ್ಮೇಲೇ ಗೊತ್ತಾಗೋದು. ಮೂರನೇ ಕ್ಲಾಸಲ್ಲಿ ಎಷ್ಟು ಟಿಫಿನ್ ಬಾಕ್ಸ್ ಕಳ್ಕೊಂಡಿದ್ದೆ ಅಂತ ನಿಮ್ಮಮ್ಮನ್ನ ಕೇಳು.

ಓಸಿಡಿ ಕಥೆನೂ ಅಷ್ಟೇ. ನಮ್ಮಜ್ಜಿ ಮಡಿ ಉಟ್ರೆ ಮಕ್ಕಳು ಹತ್ರ ಸುಳಿಯೋ ಹಂಗಿರ್ಲಿಲ್ಲ, ಯಾರಾದ್ರೂ ಮುಟ್ಟಿದ್ರೆ ಮತ್ತೆ ಸ್ನಾನ. ಅದು ಓಸಿಡಿನಾ ಅಂತ ಪ್ರತಿ ವರ್ಷ ಕ್ಲಾಸಲ್ಲಿ ಒಬ್ರಾದ್ರೂ ಕೇಳ್ತಾರೆ. ಅಲ್ಲ. ಅಜ್ಜಿ ಪೂಜೆ ಮುಗಿಸಿ ನೆಮ್ಮದಿಯಾಗಿ ಕಾಫಿ ಕುಡೀತಿದ್ರು, ಅಕ್ಕಪಕ್ಕದ ಮನೆ ಅಜ್ಜಿಯರದ್ದೂ ಅದೇ ಪದ್ಧತಿ. ಓಸಿಡಿ ಇರೋರಿಗೆ ಆ ನೆಮ್ಮದಿನೇ ಸಿಗಲ್ಲ, ಚರ್ಮ ಸುಲಿದ್ರೂ ಕೈ ತೊಳೆಯೋದು ನಿಲ್ಲಲ್ಲ, ಇದು ಅತಿಯಾಯ್ತು ಅಂತ ಎಷ್ಟೋ ಸಲ ಅವರಿಗೇ ಗೊತ್ತಿರುತ್ತೆ. ಗ್ಯಾಸ್ ಎರಡು ಸಲ ನಾನೂ ನೋಡ್ತೀನಿ ಬಿಡು.

ಈಗ ನಿನ್ನ ಫ್ರೆಂಡ್ ಮಾತು. ಡಿಸಾರ್ಡರ್‌ಗಳ ಪಟ್ಟಿ ದೇವರು ಬರೆದಿದ್ದಲ್ಲ, ಮನುಷ್ಯರು ಕೂತು ಮಾಡಿದ್ದು. 1973ರವರೆಗೆ ಸಲಿಂಗಕಾಮನೂ ಅಮೆರಿಕದ ಪಟ್ಟಿಯಲ್ಲಿ ಕಾಯಿಲೆ ಅಂತ್ಲೇ ಇತ್ತು, ಆಟಿಸಂನ ಹತ್ತಿರದ್ದೇ ಒಂದು ಸ್ಥಿತಿಗಿದ್ದ ಆಸ್ಪರ್ಜರ್ ಅನ್ನೋ ಹೆಸರು 2013ರಲ್ಲಿ ಆಟಿಸಂ ಒಳಗೇ ಸೇರ್ಕೊಂಡ್ತು. ನ್ಯೂರೋಡೈವರ್ಸಿಟಿ ಅನ್ನೋದು ಯಾವ ಡಾಕ್ಟರೂ ಬರೆಯೋ ಡಯಾಗ್ನೋಸಿಸ್ ಅಲ್ಲ, 90ರ ದಶಕದಲ್ಲಿ ಆಟಿಸಂ ಇರೋರೇ ತಮ್ಮತಮ್ಮಲ್ಲಿ ಮಾತಾಡ್ತಾ ಬೆಳೆಸಿದ ಯೋಚನೆ, ಆಸ್ಟ್ರೇಲಿಯಾದ ಜೂಡಿ ಸಿಂಗರ್ 1998ರ ತಮ್ಮ ಥೀಸಿಸಲ್ಲಿ ಈ ಪದ ಬಳಸಿದ್ರು. ಮಿದುಳುಗಳು ಬೇರೆ ಬೇರೆ ಥರ ಇರೋದೇ ಸಹಜ, ಕ್ಲಾಸ್‌ರೂಮಿನ ಟ್ಯೂಬ್‌ಲೈಟ್ ಗುಂಯ್‌ಗುಟ್ಟೋದು ತಡೆಯಕ್ಕಾಗ್ದೆ ಒಬ್ಬ ಹುಡುಗ ಕಿವಿ ಮುಚ್ಕೊಂಡ್ರೆ ಹುಡುಗನ್ನ ರಿಪೇರಿ ಮಾಡೋ ಬದ್ಲು ಟ್ಯೂಬ್‌ಲೈಟ್ ಬದಲಾಯಿಸಿ ಅಂತ ಅವರ ವಾದ. ನಂಗೆ ಮುಕ್ಕಾಲು ಪಾಲು ಒಪ್ಪಿಗೆ. ಆದ್ರೆ ಮಾತೇ ಬಾರದ, ತಲೆ ಗೋಡೆಗೆ ಚಚ್ಕೊಳ್ಳೋ ಮಗು ಇಟ್ಕೊಂಡಿರೋ ತಾಯಿಗೆ ಹೋಗಿ ಇದು ಬರೀ ವೈವಿಧ್ಯ ಅಂದ್ರೆ ಏನನ್ಸುತ್ತೆ ಹೇಳು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಹೆಸರಿಲ್ಲ. ಲೇಬಲ್ ಬೇಡ ಅನ್ನೋರಿಗೂ ವಿಕಲಚೇತನರ ಸರ್ಟಿಫಿಕೇಟ್ ಬೇಕು ಅಂದ್ರೆ ಲೇಬಲ್ ಬೇಕೇ ಬೇಕು. ಎಕ್ಸಾಮಲ್ಲಿ ಎರಡೂ ಬರಿ, ಈ ಜಗ್ಗಾಟನೂ ಬರಿ, ನಾನು ವ್ಯಾಲ್ಯುಯೇಶನ್‌ಗೆ ಕೂತ್ರಂತೂ ಮಾರ್ಕ್ಸ್ ಕೊಡ್ತೀನಿ.

ಪಾಠ ಮುಗಿದ್ಮೇಲೂ ಒದ್ದಾಟ ಹೋಗ್ಲಿಲ್ಲ, ಓದು ನಿದ್ದೆ ಎರಡೂ ಕೆಡ್ತಿದೆ ಅಂದ್ರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಸೈಕಿಯಾಟ್ರಿಸ್ಟ್ ಹತ್ರ ಹೋಗು. ಮೊದ್ಲು ಫೋನಲ್ಲಿ ಮಾತಾಡ್ಬೇಕು ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಎಡಿಎಚ್‌ಡಿ ಅನುಮಾನಕ್ಕೆ ಹೋಗೋದಾದ್ರೆ ಪ್ರೈಮರಿ ಸ್ಕೂಲಿನ ಹಳೇ ಮಾರ್ಕ್ಸ್ ಕಾರ್ಡ್ ಹುಡುಕಿ ತಗೊಂಡ್ಹೋಗು, ಟೀಚರ್ ಕೆಂಪಿಂಕಲ್ಲಿ ಬರೆದಿರೋ ರಿಮಾರ್ಕ್ಸ್ ಸಮೇತ. ಆಗೋದಾದ್ರೆ ಅಮ್ಮನ್ನೂ ಕರ್ಕೊಂಡ್ಹೋಗು.