ಟಿ.ಸಿ. ಕೇಳಿದ ಸಿದ್ದಿ ಹುಡುಗಿ

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಕಾಲೇಜಿಗೆಂದು ಪೇಟೆಗೆ ಬಂದು, ಓದು ಅರ್ಧಕ್ಕೇ ಬಿಟ್ಟು ಊರಿಗೆ ಹೋಗುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಳು. ಅಪ್ಪ, ಅಮ್ಮ ಕೂಲಿ ಮಾಡುವವರು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದರಿಂದ ಸೀಟು, ಹಾಸ್ಟೆಲ್, ಸ್ಕಾಲರ್‌ಶಿಪ್ ಎಲ್ಲ ಸಿಕ್ಕಿತ್ತು. ಆದರೂ ಟಿ.ಸಿ.ಗೆ ಅರ್ಜಿ ಹಾಕಿದ್ದಳು. ‘ಹೊಂದಿಕೊಳ್ಳುತ್ತಿಲ್ಲ’ ಅಂತ ಬರೆದು ಕಾಲೇಜಿನವರು ಆಪ್ತ ಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದರು.

ಮೊದಲ ಸಲ ಬಂದಾಗ ಊಟ ಸೇರಲ್ಲ, ಇಂಗ್ಲಿಷ್ ಕಷ್ಟ ಅಂದಳು, ಅಷ್ಟೇ. ಮುಂದಿನ ಸಲ ಬ್ಯಾಗಿನಿಂದ ಫಿಸಿಕ್ಸ್ ಟೆಸ್ಟ್ ಪೇಪರ್ ತೆಗೆದಳು. 25ಕ್ಕೆ 22. ಚೆನ್ನಾಗಿ ಬಂದಿದೆಯಲ್ಲ ಅಂದೆ. ಆಕೆ ಅದನ್ನು ಮಡಚಿ ಮಡಚಿ ಬೆರಳಗಲ ಮಾಡಿದಳು.

“ಯಾರದ್ದು ನೋಡಿ ಬರೆದೆ ಅಂತ ಸರ್ ಕೇಳಿದ್ರು ಮೇಡಂ, ಎಲ್ಲರ ಎದುರಿಗೆ. ಓಟದಲ್ಲಿ ಫಸ್ಟ್ ಬಂದಾಗ ಯಾರೂ ಹಂಗೆ ಕೇಳ್ಲಿಲ್ಲ.”

ಆಮೇಲೆ ಒಂದೊಂದೇ ಹೊರಗೆ ಬಂತು. ಯಾವ ದೇಶದವಳು ಅಂತ ಕೇಳುತ್ತಿದ್ದರು. ರೂಮಿನ ಹುಡುಗಿಯರು ಕೂದಲು ಹಿಡಿದು ಫೋಟೊ ತೆಗೆದು ನಕ್ಕಿದ್ದರು. ಲ್ಯಾಬ್ ಬಿಡಿಸಿ ಮೈದಾನಕ್ಕೆ ಕಳಿಸುತ್ತಿದ್ದರು. ಆಕೆಗೆ ಓಡುವುದೇ ಇಷ್ಟವಿಲ್ಲ.

ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದು ಶತಮಾನಗಳೇ ಆಗಿವೆ. ಈ ಮಕ್ಕಳು ನಮ್ಮ ಜಿಲ್ಲೆಯವರು, ಕನ್ನಡ ಶಾಲೆಯಲ್ಲಿ ಓದಿದವರು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ ಕಲಿಸಿತು. ಆ ಯೋಜನೆ ಯಾವತ್ತೋ ನಿಂತಿತು. ಸಿದ್ದಿ ಅಂದರೆ ಓಟ ಅನ್ನುವ ಮಾತು ಮಾತ್ರ ಉಳಿದಿದೆ.

ನಾನು ಹೇಳಿದ್ದು ಇಷ್ಟು: ಈ ಸೆಮಿಸ್ಟರ್ ಪರೀಕ್ಷೆ ಬರೆಯುವವರೆಗೆ ಟಿ.ಸಿ. ತಗೋಬೇಡ. ನಡೆದದ್ದನ್ನೆಲ್ಲ ತಾರೀಖು ಹಾಕಿ ಬರೆದಿಡು. ದೂರು ಕೊಡುವುದು ಬಿಡುವುದು ನಿನ್ನಿಷ್ಟ, ಕೊಡುವುದಾದರೆ ಜೊತೆಗೆ ನಾನು ಬರ್ತೀನಿ. ಓಡಲ್ಲ ಅಂತ ನೇರವಾಗಿ ಹೇಳು.

ಹುಡುಗಿಯನ್ನು ಜಗಳಕ್ಕೆ ಹಚ್ಚಿದಿರಿ ಅಂತ ಸಹೋದ್ಯೋಗಿಗಳು ಬೇಜಾರು ಮಾಡಿಕೊಂಡರು. ನಾನು ಒಪ್ಪಲ್ಲ. ನಕ್ಕು ಸುಮ್ನಿರು ಅಂದರೆ ಆ ಮಗು ನಿಜಕ್ಕೂ ಸುಮ್ಮನಾಗುತ್ತದೆ, ಆಮೇಲೆ ಊರಿಗೆ ಹೋಗಿಬಿಡುತ್ತದೆ. ಬಣ್ಣ, ಜನಾಂಗ, ರೂಪ ಹಿಡಿದು ಸಹಪಾಠಿಯನ್ನು ಹೀಗಳೆಯುವುದು ರ್‍ಯಾಗಿಂಗ್ ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2016ರಲ್ಲೇ ನಿಯಮಕ್ಕೆ ಸೇರಿಸಿದೆ. ನಿಯಮ ಇದ್ದೂ ಆಕೆಗೆ ತಾಳಿಕೋ ಅನ್ನಲು ನನಗೇನು ಹಕ್ಕಿದೆ?

ಅಪ್ಪ ಫೋನ್ ಮಾಡಿದ್ದರು. “ತ್ರಾಸಾದ್ರೆ ಮನೆಗೆ ಬರ್ಲಿ ಅಕ್ಕೋರೇ.” ಖಂಡಿತ ಬರ್ತಾಳೆ, ರಜಕ್ಕೆ ಬರ್ತಾಳೆ ಅಂದೆ.

ಆಕೆ ದೂರು ಕೊಟ್ಟಳು. ರೂಮು ಬದಲಾಯಿತು, ಫೋಟೊ ಅಳಿಸಿದರು, ಒಬ್ಬ ಹುಡುಗಿ ಬಂದು ಕ್ಷಮೆ ಕೇಳಿದಳು. ಟಿ.ಸಿ. ಅರ್ಜಿ ವಾಪಸ್ ಪಡೆದು ಪರೀಕ್ಷೆ ಬರೆದಳು. ಫಿಸಿಕ್ಸ್ ಸರ್ ವಿಷಯಕ್ಕೆ ಮಾತ್ರ ಕಾಲೇಜಿನಿಂದ ಉತ್ತರವಿಲ್ಲ. ಹೋದ ವಾರ ಇಬ್ಬರೂ ಕೂತು ಪ್ರಾಂಶುಪಾಲರಿಗೆ ಇನ್ನೊಂದು ಪತ್ರ ಬರೆದಿದ್ದೇವೆ.