ಹೃದಯದ ವಾಲ್ವ್ ಆಪರೇಷನ್‌ಗೆ ಚಿಕ್ಕ ಗಾಯ ಒಳ್ಳೆಯದಾ, ಎದೆ ಮಧ್ಯದ ದೊಡ್ಡ ಗಾಯವಾ?

ಥೇಟ್ ಇದೇ ಪ್ರಶ್ನೆ ಹಿಡಿದುಕೊಂಡು 31ನೇ ವಯಸ್ಸಿನಲ್ಲಿ ನಾನೂ ಅಲೆದಿದ್ದೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಲೀಕ್ ಆಗುತ್ತಿತ್ತು. ಆಪರೇಷನ್ ಅಂದ ತಕ್ಷಣ ಅಮ್ಮ ಕೇಳಿದ್ದು, "ಬ್ಲೌಸ್ ಹಾಕಿದರೆ ಗಾಯ ಕಾಣುತ್ತಾ?"

ಮೊದಲ ಸರ್ಜನ್ ತಮ್ಮ ಶರ್ಟಿನ ಗುಂಡಿಗಳ ಮೇಲೆ ಬೆರಳೆಳೆದು ತೋರಿಸಿದರು. ಹತ್ತಿರ ಹತ್ತಿರ ಒಂದು ಗೇಣು. ಎದೆಮೂಳೆ ಸೀಳಿ, ಆಮೇಲೆ ಸ್ಟೀಲ್ ತಂತಿಯಲ್ಲಿ ಬಿಗಿಯಬೇಕಂತೆ. ನಾನು ಎದ್ದು ಬಂದೆ. ಬಲ ಪಕ್ಕೆಲುಬಿನ ಸಂದಿಯಿಂದ ಎರಡೂವರೆ ಇಂಚಿನಲ್ಲಿ ಮುಗಿಸುತ್ತೇವೆ ಅಂದವರ ಹತ್ತಿರ ಹೋದೆ.

ತಪ್ಪಿದ್ದು ಇಲ್ಲೇ. ಗಾಯ ಎಷ್ಟುದ್ದ, ಸ್ಕೂಟರ್ ಯಾವಾಗ ಓಡಿಸಬಹುದು, ಎಲ್ಲ ಕೇಳಿದೆ. ನನ್ನ ವಾಲ್ವನ್ನೇ ರಿಪೇರಿ ಮಾಡ್ತೀರಾ, ಕಿತ್ತು ಬೇರೆ ಹಾಕ್ತೀರಾ ಅಂತ ಕೇಳಲಿಲ್ಲ. ವರ್ಷಕ್ಕೆ ಎಷ್ಟು ರಿಪೇರಿ ಮಾಡ್ತೀರಿ ಅಂತಲೂ ಕೇಳಲಿಲ್ಲ. ಮೊದಲನೆಯವರು "ರಿಪೇರಿ ಆಗುತ್ತೆ" ಅಂದಿದ್ದರು ಕಣ್ರೀ! ನಾನು ಅವರ ಬೆರಳನ್ನೇ ನೋಡುತ್ತಾ ಕೂತಿದ್ದೆ. ಸಹಿ ಹಾಕಿದ ಕಾಗದದಲ್ಲೂ "ರಿಪೇರಿ ಅಥವಾ ಬದಲಾವಣೆ" ಅಂತಿತ್ತು. ಓದಲಿಲ್ಲ. ರಿಪೇರಿಯಾದರೆ ರಕ್ತ ತೆಳು ಮಾಡುವ ಮಾತ್ರೆ ಸಾಮಾನ್ಯವಾಗಿ ಮೂರು ತಿಂಗಳು. ಲೋಹದ ವಾಲ್ವ್ ಆದರೆ ಜೀವನಪೂರ್ತಿ.

ಐಸಿಯುನಿಂದ ವಾರ್ಡಿಗೆ ಬಂದ ರಾತ್ರಿ ಎದೆಯೊಳಗೆ ಟಿಕ್ ಟಿಕ್ ಕೇಳಿಸಿತು. ರಿಪೇರಿ ಕೂಡಿಬರಲಿಲ್ಲ, ಲೋಹದ್ದು ಹಾಕಿದ್ದಾರೆ ಅಂದರು. ಚಿಕ್ಕ ಗಾಯದಿಂದಲೇ ಹೀಗಾಯ್ತು ಅಂತಲ್ಲ. ಕೈ ಎಷ್ಟು ಪಳಗಿದೆ ಅಂತ ನಾನು ವಿಚಾರಿಸಲೇ ಇಲ್ಲ, ಅಷ್ಟೇ. ನೋವೇನೂ ಚಿಕ್ಕದಾಗಿರಲಿಲ್ಲ. ಪಕ್ಕೆ ವಾರಗಟ್ಟಲೆ ಚುಚ್ಚುತ್ತಿತ್ತು, ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್ನಿನ ಪೈಪ್ ಹಾಕಿದ ತೊಡೆಸಂದಿಯಲ್ಲಿ ಇನ್ನೊಂದು ಗಾಯ. ಪಕ್ಕದ ಬೆಡ್ಡಿನ ಆಂಟಿಗೆ ಎದೆ ಸೀಳಿಯೇ ಮಾಡಿದ್ದು. ಕೆಮ್ಮುವಾಗ ದಿಂಬು ಅಪ್ಪಿಕೊಳ್ಳುತ್ತಿದ್ದರು, ಎರಡು ತಿಂಗಳು ಬಿಂದಿಗೆ ಎತ್ತಲಿಲ್ಲ. ಅವರ ವಾಲ್ವ್ ಮಾತ್ರ ಅವರದ್ದೇ.

ಬ್ರಿಟನ್‌ನಲ್ಲಿ 330 ಜನರ ಮೇಲೆ ಎರಡೂ ವಿಧಾನ ಹೋಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕ್ಕ ಗಾಯದವರು ಸುಮಾರು ಒಂದು ದಿನ ಮೊದಲು ಮನೆಗೆ ಹೋದರು. 12 ವಾರಕ್ಕೆ ಓಡಾಟ, ಕೆಲಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡೂ ಕಡೆ ಹೆಚ್ಚುಕಮ್ಮಿ ಎಲ್ಲರಿಗೂ ರಿಪೇರಿಯೇ ಆಗಿತ್ತು. ಅಲ್ಲಿ ಮಾಡಿದವರು ಅನುಭವಸ್ಥರು, ಗೊತ್ತಾಯ್ತಲ್ವಾ?

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ರಿಪೇರಿ ಯಾರು ಚೆನ್ನಾಗಿ ಮಾಡುತ್ತಾರೆ ಅಂತ ಮೊದಲು ಹುಡುಕಿ. ಎಲ್ಲಿಂದ ಕೊಯ್ಯಬೇಕು ಅಂತ ಅವರೇ ಹೇಳಲಿ.

ನನ್ನ ಗಾಯ ಈಗ ಹುಡುಕಿದರೂ ಕಾಣಲ್ಲ. ನಾಳೆ ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್‌ಆರ್ ಟೆಸ್ಟ್ ಇದೆ. ಸೊಪ್ಪು ಜಾಸ್ತಿಯಾದರೆ ಮಾತ್ರೆಯ ಕೆಲಸ ಕುಗ್ಗುತ್ತೆ. ಈ ವಾರ ನುಗ್ಗೆಸೊಪ್ಪಿನ ಪಲ್ಯ ಜಾಸ್ತಿ ತಿಂದಿದ್ದೇನೆ, ಎಷ್ಟು ಬರುತ್ತೋ ನೋಡಬೇಕು.